ನೆರೆಯವರ ನೆನಪೂ ಅಮಾನತ್ತು

ಒಂದು ಜನಾಂಗವನ್ನು ಅದರ ನೆಲದಿಂದ ಅಳಿಸಲು ಹೊರಟವರು ಜನರನ್ನು ಕೊಂದಷ್ಟಕ್ಕೆ ನಿಲ್ಲುವುದಿಲ್ಲ. ಆ ಜನ ಅಲ್ಲಿ ಬಾಳಿದ್ದರೆಂಬ ಗುರುತನ್ನೂ ಸುಡುತ್ತಾರೆ. ಬೋಸ್ನಿಯಾದಲ್ಲಿ ನಡೆದದ್ದು ಇದೇ.

ಸರಾಯೆವೊ ನಗರದಲ್ಲಿ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬಾಳಿದ್ದರು. ಯುಗೊಸ್ಲಾವಿಯ ಒಡೆದಾಗ, 1992ರ ಎಪ್ರಿಲ್‌ನಲ್ಲಿ ಸರ್ಬ್ ಪಡೆಗಳು ನಗರಕ್ಕೆ ಮುತ್ತಿಗೆ ಹಾಕಿದವು. ಮೇ 17ರಂದು ಪೌರ್ವಾತ್ಯ ಅಧ್ಯಯನ ಸಂಸ್ಥೆಯು ಫಿರಂಗಿ ದಾಳಿಗೆ ತುತ್ತಾಯಿತು. ಅರಬಿ, ಪಾರ್ಸಿ, ತುರ್ಕಿ ಭಾಷೆಗಳ 5,000ಕ್ಕೂ ಹೆಚ್ಚು ಹಸ್ತಪ್ರತಿಗಳು ಬೂದಿಯಾದವು. ಆಗಸ್ಟ್ 25ರ ರಾತ್ರಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ನಗರದ ಜನರು ಗುಂಡಿಗೆ ಹೆದರದೆ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿದರು. ಆದರೂ ಸುಮಾರು 15 ಲಕ್ಷ ಗ್ರಂಥಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಆ ಕಟ್ಟಡ 2014ರಲ್ಲಿ ಮತ್ತೆ ತೆರೆಯಿತು. ಸುಟ್ಟ ಹಸ್ತಪ್ರತಿಗಳು ಮರಳಲಿಲ್ಲ.

ಆದರೆ ಅದೇ ನಗರದ ಒಂದು ಗ್ರಂಥದ ಕಥೆ ಬೇರೆಯೇ ಇದೆ. ಅದರ ಹೆಸರು ಹಗ್ಗದಾ. ಪ್ರವಾದಿ ಮೂಸಾ(ಅ)ರ ಜನರು ಫಿರ್‌ಔನನಿಂದ ಬಿಡುಗಡೆ ಹೊಂದಿದ ನೆನಪಿನ ಹಬ್ಬದಲ್ಲಿ ಯಹೂದಿಗಳು ಓದುವ ಗ್ರಂಥವದು. 14ನೇ ಶತಮಾನದಲ್ಲಿ ಸ್ಪೇನಿನಲ್ಲಿ ಬರೆದ ಈ ಪ್ರತಿ 1894ರಲ್ಲಿ ಸರಾಯೆವೊದ ವಸ್ತುಸಂಗ್ರಹಾಲಯ ಸೇರಿತ್ತು. 1942ರಲ್ಲಿ ನಾಝಿ ಅಧಿಕಾರಿಯು ಅದನ್ನು ಕೇಳಿಕೊಂಡು ಬಂದಾಗ, ಅಲ್ಲಿನ ಗ್ರಂಥಪಾಲಕ ದರ್ವಿಶ್ ಕೊರ್ಕುತ್ ಅದನ್ನು ಗುಟ್ಟಾಗಿ ಸಾಗಿಸಿ ಉಳಿಸಿದರು. ಅವರೂ ಅವರ ಪತ್ನಿ ಸರ್ವೆತ್‌ರೂ ಒಬ್ಬ ಯಹೂದಿ ಹುಡುಗಿಗೆ ಮನೆಯಲ್ಲಿ ಆಶ್ರಯವನ್ನೂ ಕೊಟ್ಟರು. 50 ವರ್ಷಗಳ ಬಳಿಕ, ಮುತ್ತಿಗೆಯ ನಡುವೆ, ಪ್ರಾಧ್ಯಾಪಕ ಎನ್ವರ್ ಇಮಾಮೊವಿಚ್ ಅದೇ ಗ್ರಂಥವನ್ನು ವಸ್ತುಸಂಗ್ರಹಾಲಯದಿಂದ ಹೊರತಂದು ಸುರಕ್ಷಿತ ಸ್ಥಳಕ್ಕೆ ತಲುಪಿಸಿದರು.

ಇವರಿಬ್ಬರೂ ಮುಸ್ಲಿಮರು. ಅನ್ಯರ ಗ್ರಂಥಕ್ಕಾಗಿ ಇವರೇಕೆ ಪ್ರಾಣವನ್ನು ಪಣಕ್ಕಿಡಬೇಕಿತ್ತು ಎಂದು ಯಾರಾದರೂ ಕೇಳಬಹುದು. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಸೂರಃ ಅನ್ನಿಸಾದ 58ನೇ ಸೂಕ್ತವು ಆಜ್ಞಾಪಿಸುತ್ತದೆ. ಹಕ್ಕುದಾರನು ಮುಸ್ಲಿಮನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಮಕ್ಕಾದ ವೈರಿಗಳು ಕೊಲ್ಲಲು ಹೊಂಚುಹಾಕಿದ್ದಾಗಲೂ ಪ್ರವಾದಿವರ್ಯರು(ಸ), ಜನರು ತಮ್ಮಲ್ಲಿಟ್ಟಿದ್ದ ವಸ್ತುಗಳನ್ನು ಮರಳಿಸಲೆಂದು ಅಲೀ(ರ)ರನ್ನು ನೇಮಿಸಿಯೇ ಹಿಜ್ರತ್ ಹೊರಟರು. ಒಡವೆ ಅಮಾನತ್ತಾಗುವುದಾದರೆ, ಒಂದು ಸಮುದಾಯದ ನೆನಪು ಅದಕ್ಕಿಂತ ದೊಡ್ಡ ಅಮಾನತ್ತಲ್ಲವೇ?

ಆದ್ದರಿಂದ ಬೋಸ್ನಿಯಾದ ನೋವನ್ನು ಮಕ್ಕಳಿಗೆ ಹೇಳುವಾಗ ಪೂರ್ತಿಯಾಗಿ ಹೇಳೋಣ. ಸರಾಯೆವೊದ ರಕ್ಷಣೆಗೆ ನಿಂತವರಲ್ಲಿ ಜನರಲ್ ಯೊವಾನ್ ದಿವ್ಯಾಕ್ ಎಂಬ ಸರ್ಬ್ ಕೂಡ ಇದ್ದರೆಂಬುದನ್ನೂ ತಿಳಿಸೋಣ. ನಮ್ಮ ಗಾಯವನ್ನಷ್ಟೇ ಕಲಿತ ಮಗು ಸೇಡನ್ನು ಕಲಿಯುತ್ತದೆ. ನೆರೆಯವನ ಒಳಿತನ್ನೂ ಕಲಿತ ಮಗು ನ್ಯಾಯವನ್ನು ಕಲಿಯುತ್ತದೆ.