ಗಾಳಿಬೀಡು ರಸ್ತೆಗಿಳಿಯುವ ಮುನ್ನ

ಮಕ್ಕಳೇ, ಮಡಿಕೇರಿಗೂ ನಮ್ಮೂರಿಗೂ ದೂರ ಹೆಚ್ಚಿಲ್ಲ, ತಿರುವುಗಳು ಹೆಚ್ಚು. ಈ ದಾರಿಯಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದಿದ್ದೇನೆ, ಆಮೇಲೆ ಜೀಪೂ ಓಡಿಸಿದ್ದೇನೆ. ಹಾಗಾಗಿ ಸೈಕಲಿನವರು, ಡ್ರೈವರುಗಳು ಇಬ್ಬರಿಗೂ ಹೇಳುವ ಮಾತಿದು.

• ಕಣ್ಣಿಗೆ ಕಂಡಷ್ಟೇ ದಾರಿ ನಿಮ್ಮದು. ಅಷ್ಟರೊಳಗೆ ಗಾಡಿ ನಿಲ್ಲಬೇಕು. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅದು ಮುಗಿದಿರುತ್ತದೆ. ನಮ್ಮ ಮಂಜಿನಲ್ಲಿ ಎಷ್ಟೋ ಬೆಳಿಗ್ಗೆ ಹತ್ತು ಮಾರು ಮುಂದಿನ ಮರವೂ ಕಾಣುವುದಿಲ್ಲ.

• ಮಂಜಿನಲ್ಲಿ ಹೈಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಡಿಮ್ ಸಾಕು.

• ಸೈಕಲಿನವರೇ, ಮಳೆಯಲ್ಲಿ ಬ್ರೇಕನ್ನು ನಂಬಬೇಡಿ. ಒಂದು ಆಟಿ ತಿಂಗಳಲ್ಲಿ ಕ್ಯಾರಿಯರಿಗೆ ಅಕ್ಕಿ ಚೀಲ ಕಟ್ಟಿಕೊಂಡು ಇಳಿಯುತ್ತಿದ್ದೆ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಒದ್ದೆ ರಿಮ್ಮಿನ ಮೇಲೆ ರಬ್ಬರ್ ಜಾರಿತೇ ಹೊರತು ಕಚ್ಚಲಿಲ್ಲ. ಕಾಫಿ ತೋಟದ ಬೇಲಿ ನನ್ನನ್ನು ಹಿಡಿದು ನಿಲ್ಲಿಸಿತು. ಎದುರು ಗಾಡಿ ಬಂದಿದ್ದರೆ ಇವತ್ತು ಇದನ್ನು ಹೇಳಲು ನಾನಿರುತ್ತಿರಲಿಲ್ಲ. ಇಳಿಜಾರು ಶುರುವಾಗುವ ಮೊದಲೇ ಮೆಲ್ಲನೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ರಿಮ್ಮಿನ ನೀರು ಒರೆಸಿಕೊಳ್ಳಿ. ಹಿಂದಿನ ಬ್ರೇಕ್ ಮೊದಲು, ಮುಂದಿನದು ಹದವಾಗಿ. ಹೊರೆ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ.

• ರಸ್ತೆಯ ತೀರಾ ಅಂಚಿಗೆ ಸರಿಯಬೇಡಿ. ಅಲ್ಲಿ ಪಾಚಿ, ಕೊಳೆತ ಎಲೆ, ಟಾರಿನ ಪಕ್ಕ ಮಣ್ಣು ಕೊಚ್ಚಿಹೋದ ಗುಂಡಿ ಎಲ್ಲವೂ ಇವೆ. ಡ್ರೈವರ್ ಅಣ್ಣಂದಿರೇ, ಸೈಕಲ್ ಒಂದು ಮೊಳ ಒಳಗೆ ಬಂದರೆ ನಿಮ್ಮ ದಾರಿಗೆ ಅಡ್ಡ ಬಂತು ಅಂದುಕೊಳ್ಳಬೇಡಿ. ಅವನು ಬೀಳದಿರಲಿ ಎಂದು ಹಾಗೆ ಬಂದಿದ್ದಾನೆ.

• ಹಿಂದಿಕ್ಕುವುದಾದರೆ ಮುಂದೆ ನೇರ ರಸ್ತೆ ಕಾಣುವವರೆಗೆ ಕಾಯಿರಿ. ಒಂದು ಮಾರು ಜಾಗ ಬಿಡಿ. ಸೈಕಲಿನ ಬೆನ್ನಿಗೆ ಬಂದು ಹಾರ್ನ್ ಹೊಡೆಯಬೇಡಿ, ಹುಡುಗರು ಬೆದರಿ ಹ್ಯಾಂಡಲ್ ತಿರುಗಿಸಿಬಿಡುತ್ತಾರೆ. ತಿರುವಿಗೆ ಮೊದಲೇ, ದೂರದಲ್ಲಿ ಒಮ್ಮೆ ಹೊಡೆದರೆ ಅದೇ ಉಪಕಾರ.

• ಅಗಲ ಸಾಲದ ಏರಿನಲ್ಲಿ ಇಳಿಯುವ ಗಾಡಿ ನಿಂತು ಏರುವ ಗಾಡಿಗೆ ದಾರಿ ಬಿಡಬೇಕು. 2017ರ ಚಾಲನಾ ನಿಯಮಗಳಲ್ಲೂ ಇದೆ, ನಮ್ಮ ಹಿರಿಯರ ರೂಢಿಯೂ ಇದೇ. ಬೆವರು ಸುರಿಸಿ ಏರು ತುಳಿಯುವವನಿಗೂ ಆ ಮರ್ಯಾದೆ ಸಲ್ಲಬೇಕು. ಪ್ರವಾಸಕ್ಕೆ ಬಂದವರೇ, ದಯವಿಟ್ಟು ಇದೊಂದನ್ನು ನೆನಪಿಡಿ.

• ರೈನ್‌ಕೋಟ್ ಹಳದಿ ಬಣ್ಣದ್ದು ಕೊಳ್ಳಿ. ಕಪ್ಪು ಬಣ್ಣ ಮಳೆಯಲ್ಲಿ ರಸ್ತೆಯೊಂದಿಗೆ ಸೇರಿಹೋಗುತ್ತದೆ. ಟೋಪಿ ಕಿವಿ ಮುಚ್ಚದಿರಲಿ. ತಿರುವಿನಾಚೆಯ ಗಾಡಿ ಮೊದಲು ತಿಳಿಯುವುದು ಕಿವಿಗೆ. ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಬೇಡವೇ ಬೇಡ.

• ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಆ ಜನಸಂದಣಿಯಲ್ಲಿ ಕಾರು ನಿಲ್ಲಿಸಿದವರು ಬಾಗಿಲು ತೆರೆಯುವ ಮುನ್ನ ಹಿಂದೆ ತಿರುಗಿ ನೋಡಿ. ಎಡಗೈಯಲ್ಲಿ ಬಾಗಿಲು ತೆರೆದರೆ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ.

• ಹೈಸ್ಕೂಲು ಮಗನಿಗೆ ಬೈಕಿನ ಕೀಲಿ ಕೊಡುವ ಅಪ್ಪಂದಿರೇ, 2019ರ ತಿದ್ದುಪಡಿಯ ನಂತರ ಅದಕ್ಕೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅವನಿಗೆ ಸೈಕಲ್ಲೇ ಇರಲಿ, ಗಂಟೆಯೂ ಹಿಂದೆ ಕೆಂಪು ರಿಫ್ಲೆಕ್ಟರೂ ಹಾಕಿಸಿಕೊಡಿ.

• ಯಾರಾದರೂ ಬಿದ್ದಿದ್ದರೆ ನಿಲ್ಲಿ. ಆಸ್ಪತ್ರೆಗೆ ಸೇರಿಸಿದವರನ್ನು ಸಾಕ್ಷಿ ಹೇಳಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ, ಆ ಭಯ ಬಿಡಿ. 108ಕ್ಕೆ ಕರೆ ಮಾಡಿ. ತಿರುವಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಒಬ್ಬರು ಗಾಯಾಳುವಿನ ಬಳಿ ಇರಿ, ಇನ್ನೊಬ್ಬರು ಹತ್ತಿರದ ತೋಟದ ಮನೆಗೆ ಓಡಿ, ಹೊತ್ತು ಎಷ್ಟೇ ಆಗಿರಲಿ ಬಾಗಿಲು ತಟ್ಟಿ.