ಹೊಸ ಸಂಸ್ಕಾರಕ, ಹಳೆಯ ಆದೇಶ: ಗಣಕಯಂತ್ರದ ಹೊಂದಾಣಿಕೆ

ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಗಡಿಗೆ ತಾಗಿದ ಗ್ರಾಮ. ಕನ್ನಡ, ತುಳು, ಅರೆಭಾಷೆ, ಮಲೆಯಾಳಗಳು ಆ ಸೀಮೆಯ ನಿತ್ಯದ ಮಾತುಗಳು. ಕನ್ನಡ ಬಲ್ಲವನು ಮಲೆಯಾಳವನ್ನೂ ಕಲಿತರೆ ಅವನ ಹಳೆಯ ಕಾಗದಪತ್ರಗಳು ವ್ಯರ್ಥವಾಗುವುದಿಲ್ಲ. ಅವೇ ಪತ್ರಗಳು ಮಲೆಯಾಳವೊಂದನ್ನೇ ಬಲ್ಲವನ ಕೈಸೇರಿದರೆ ಭಾಷಾಂತರ ಅನಿವಾರ್ಯ. ಗಣಕಯಂತ್ರದ ಹೊಂದಾಣಿಕೆಯ ಪ್ರಶ್ನೆಯೂ ಇಂಥದೇ.

ಸಂಸ್ಕಾರಕ, ಅರ್ಥಾತ್ ಪ್ರೊಸೆಸರ್, ತನಗೆ ತಿಳಿದ ಆದೇಶಗಳನ್ನಷ್ಟೇ ಪಾಲಿಸುತ್ತದೆ. ಆ ಆದೇಶಗಳ ಸಮೂಹವೇ ಅದರ ಭಾಷೆ. ಯಂತ್ರಕ್ಕೂ ಬಳಕೆಯ ಕಾರ್ಯಕ್ರಮಗಳಿಗೂ ನಡುವೆ ನಿಂತು ಸ್ಮೃತಿಕೋಶ, ಮುದ್ರಕ ಮೊದಲಾದವನ್ನು ನಿರ್ವಹಿಸುವುದು ಆಪರೇಟಿಂಗ್ ಸಿಸ್ಟಂ. ಸಂಸ್ಕಾರಕ ಬದಲಾದಾಗ ಮೊದಲು ಪರೀಕ್ಷೆಗೊಳಗಾಗುವುದು ಇದೇ.

ಹೊಂದಾಣಿಕೆಗೆ ಎರಡು ಮಾರ್ಗಗಳುಂಟು. ಹೊಸ ಸಂಸ್ಕಾರಕವೇ ಹಳೆಯ ಆದೇಶಗಳನ್ನು ಉಳಿಸಿಕೊಳ್ಳುವುದು ಮೊದಲನೆಯದು. 2001ರಲ್ಲಿ ಬಂದ ಇಂಟೆಲ್ ಸಂಸ್ಥೆಯ ಇಟಾನಿಯಂ ಹೊಸ ಭಾಷೆಯನ್ನೇ ಆಯ್ದುಕೊಂಡಿತು. ಹಳೆಯ ಕಾರ್ಯಕ್ರಮಗಳು ಅದರಲ್ಲಿ ಮಂದಗತಿಯಿಂದ ನಡೆದವು. 2003ರಲ್ಲಿ ಎಎಂಡಿ ಸಂಸ್ಥೆಯ ಆಪ್ಟೆರಾನ್ 32 ಬಿಟ್ ಆದೇಶಗಳನ್ನು ಉಳಿಸಿಕೊಂಡೇ 64 ಬಿಟ್‌ಗೆ ವಿಸ್ತಾರಗೊಂಡಿತು. ಮರುವರ್ಷ ಇಂಟೆಲ್ ಕೂಡ ಅದೇ ಬಗೆಯ ಸಂಸ್ಕಾರಕಗಳನ್ನು ಹೊರತಂದಿತು. ಆದರೂ ಹೊಂದಾಣಿಕೆ ಪೂರ್ಣವಾಗಿರಲಿಲ್ಲ. 64 ಬಿಟ್‌ನ ವಿಂಡೋಸ್, 32 ಬಿಟ್ ಕಾರ್ಯಕ್ರಮಗಳನ್ನು ನಡೆಸಿತೇ ಹೊರತು 16 ಬಿಟ್‌ನ ಹಳೆಯವನ್ನು ಕೈಬಿಟ್ಟಿತು. ಉಪಕರಣಗಳ ಡ್ರೈವರ್‌ಗಳನ್ನೂ ಹೊಸದಾಗಿ ಸಿದ್ಧಪಡಿಸಬೇಕಾಯಿತು. ಹೊಸ ಡ್ರೈವರ್ ದೊರೆಯದ ಉಪಕರಣ ಸುಸ್ಥಿತಿಯಲ್ಲಿದ್ದರೂ ನಿರುಪಯೋಗಿಯೇ.

ಎರಡನೆಯದು ಭಾಷಾಂತರದ ಮಾರ್ಗ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಇಂಟೆಲ್ 80386 ಸಂಸ್ಕಾರಕಕ್ಕೆಂದು ಆರಂಭಿಸಿದ ಲಿನಕ್ಸ್‌ನ ಮೂಲಪಾಠ ಸರ್ವರಿಗೂ ಮುಕ್ತ. ಅದರ ಬಹುಭಾಗ ಸಿ ಭಾಷೆಯಲ್ಲಿದೆ. ಸಂಸ್ಕಾರಕಕ್ಕೆ ನೇರವಾಗಿ ಸಂಬಂಧಿಸಿದ ಅಲ್ಪಾಂಶವನ್ನು ಹೊಸದಾಗಿ ಬರೆದರೆ, ಮಿಕ್ಕುದನ್ನು ಬೇರೊಂದು ಯಂತ್ರದ ಆದೇಶಗಳಿಗೆ ಪರಿವರ್ತಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರೂ ಕೂಡಿ ರೂಪಿಸಿ, 2001ರಲ್ಲಿ ಪ್ರದರ್ಶಿಸಿದ ಸಿಂಪ್ಯೂಟರ್ ಇದಕ್ಕೆ ನಿದರ್ಶನ. ಅಂಗೈಯಲ್ಲಿ ಹಿಡಿಯಬಹುದಾಗಿದ್ದ ಆ ಯಂತ್ರದಲ್ಲಿದ್ದುದು ಇಂಟೆಲ್ 80386ರ ವಂಶದ್ದಲ್ಲ, ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ; ನಡೆದದ್ದು ಲಿನಕ್ಸ್. ಕನ್ನಡ ಬರಹವನ್ನು ಓದಿ ಹೇಳುವ ತಂತ್ರಾಂಶವೂ ಅದಕ್ಕಾಗಿ ಸಿದ್ಧವಾಯಿತು. ಸಿಂಪ್ಯೂಟರ್ ನಿರೀಕ್ಷೆಯಂತೆ ಜನರ ಕೈಸೇರಲಿಲ್ಲ. ಆದರೆ ಮೂಲಪಾಠ ಕೈಯಲ್ಲಿದ್ದವರು ತಮಗೆ ತಕ್ಕ ಯಂತ್ರವನ್ನು ತಾವೇ ಆರಿಸಿಕೊಳ್ಳಬಹುದೆಂದು ಅದು ತೋರಿಸಿತು.

ವಿದ್ಯಾಸಂಸ್ಥೆಗಳು ಇದನ್ನು ಗಮನಿಸಬೇಕು. ದಾನಿಗಳ ಔದಾರ್ಯದಿಂದ ಹೊಸ ಗಣಕಯಂತ್ರ ಬಂದಾಗ, ಹಳೆಯ ಅಂಕಪಟ್ಟಿ, ಲೆಕ್ಕಪತ್ರ, ಕನ್ನಡ ಕಡತಗಳು ಅದರಲ್ಲಿ ತೆರೆಯುವುವೇ, ಮುದ್ರಕ ನಡೆಯುವುದೇ ಎಂದು ಪರೀಕ್ಷಿಸಿದ ಬಳಿಕವೇ ಹಳೆಯದನ್ನು ವಿಲೇವಾರಿ ಮಾಡುವುದು ಕ್ಷೇಮ.