ಹತ್ತು ಸಲ ಬರೆಸುವ ಮುನ್ನ

ಕಾಗುಣಿತ ತಪ್ಪಿದರೆ ಆ ಪದವನ್ನು ಹತ್ತು ಸಲ ಬರೆಸುವುದು, ಭಾಗಾಕಾರ ತಪ್ಪಿದರೆ ಇನ್ನೂ ಇಪ್ಪತ್ತು ಭಾಗಾಕಾರ ಕೊಡುವುದು ನಮ್ಮ ಮನೆಗಳ ರೂಢಿ. ಹಾಳೆ ತುಂಬುತ್ತದೆ; ವಾರ ಕಳೆದ ಮೇಲೆ ಅದೇ ತಪ್ಪು ಮತ್ತೆ ಬರುತ್ತದೆ, ಬೈಸಿಕೊಳ್ಳುವುದು ಮಾತ್ರ ಮಗು. ಬದಲಾಗಬೇಕಾದದ್ದು ಅಭ್ಯಾಸ ಮಾಡಿಸುವ ಕ್ರಮ. ಮೇಲಿನ ಸಾಲು ನೋಡಿಕೊಂಡು ಕೆಳಗಿನ ಸಾಲು ಬರೆಯುವ ಮಗು ಏನನ್ನೂ ನೆನಪಿಸಿಕೊಳ್ಳಬೇಕಾಗಿಲ್ಲ. ಕಲಿತದ್ದು ಗಟ್ಟಿಯಾಗುವುದು ನೆನಪಿಸಿಕೊಳ್ಳುವ ಶ್ರಮದಲ್ಲೇ. 2006ರಲ್ಲಿ ಪ್ರಕಟವಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅವರ ಪ್ರಯೋಗದಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಉಳಿದವರು ಪಾಠ ಮುಚ್ಚಿಟ್ಟು ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಮನೆಯಲ್ಲಿ ನಾವು ನಂಬಿ ಮೋಸಹೋಗುವುದು ಆ ಐದು ನಿಮಿಷದ ಫಲವನ್ನು.

ಹಾಗಾಗಿ ಮೊದಲು ಉಕ್ತಲೇಖನದಿಂದ ಶುರುಮಾಡಿ. ದಿನಕ್ಕೆ ಐದೇ ಪದ ಸಾಕು: ಭೂಮಿ, ಕಷ್ಟ, ಅರ್ಥ, ವಿದ್ಯಾರ್ಥಿ, ಹೀಗೆ. ಮಗು ಪದವನ್ನು ನೋಡಲಿ, ಪುಸ್ತಕ ಮುಚ್ಚಿ ಬರೆಯಲಿ, ತೆರೆದು ತಾನೇ ಹೋಲಿಸಲಿ. ತಪ್ಪು ಯಾವ ಬಗೆಯದೆಂದು ನೀವು ಗಮನಿಸಿ. ಒತ್ತಕ್ಷರ ಬಿಟ್ಟಿದೆಯೇ, ಮಹಾಪ್ರಾಣ ಅಲ್ಪಪ್ರಾಣವಾಗಿದೆಯೇ, ದೀರ್ಘ ಹೋಗಿದೆಯೇ? ತಪ್ಪಿದ ಪದವನ್ನು ಅಂದೇ ಹತ್ತು ಸಲ ಬರೆಸುವ ಬದಲು ಮಾರನೆಯ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಕೇಳಿ.

ವ್ಯಾಕರಣವನ್ನು ಬರವಣಿಗೆಯ ಒಳಗೇ ಕಲಿಸುವುದು ಎರಡನೆಯ ಹೆಜ್ಜೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ವ್ಯಾಕರಣವನ್ನು ಪ್ರತ್ಯೇಕವಾಗಿ ಬೋಧಿಸಿದರೆ ಬರವಣಿಗೆ ಸುಧಾರಿಸುವುದಿಲ್ಲವೆಂದೂ ಬಿಡಿ ವಾಕ್ಯಗಳನ್ನು ಸೇರಿಸುವ ಅಭ್ಯಾಸದಿಂದ ಸುಧಾರಿಸುತ್ತದೆಂದೂ ಕಂಡುಬಂತು. ಆ ಅಧ್ಯಯನಗಳು ಇಂಗ್ಲಿಷ್ ಬರವಣಿಗೆಯವು, ನಿಜ. ಆದರೆ ವಾಕ್ಯ ಹೆಣೆಯುವ ಈ ಕೆಲಸಕ್ಕೆ ಕನ್ನಡ ಇನ್ನೂ ಚೆನ್ನಾಗಿ ಒಗ್ಗುತ್ತದೆ. 'ಅಜ್ಜಿ ಸಂತೆಗೆ ಹೋದಳು. ಸೊಪ್ಪು ತಂದಳು. ಸಾರು ಮಾಡಿದಳು' ಎಂದು ಕೊಡಿ. 'ಅಜ್ಜಿ ಸಂತೆಗೆ ಹೋಗಿ ಸೊಪ್ಪು ತಂದು ಸಾರು ಮಾಡಿದಳು' ಎಂದು ಮಗು ಸೇರಿಸಲಿ. 'ಹುಡುಗಿ ಮರ ಹತ್ತಿದಳು. ಅವಳು ನನ್ನ ತಂಗಿ' ಎಂಬುದು 'ಮರ ಹತ್ತಿದ ಹುಡುಗಿ ನನ್ನ ತಂಗಿ' ಆಗಲಿ. ಆಮೇಲೆ ಅಜ್ಜಿಯ ಜಾಗದಲ್ಲಿ ಅಜ್ಜನನ್ನು, ಮಕ್ಕಳನ್ನು ಇಟ್ಟು, ನಿನ್ನೆಯನ್ನು ನಾಳೆ ಮಾಡಿ ಕ್ರಿಯಾಪದ ಬದಲಿಸಲಿ. ವಾರಕ್ಕೆರಡು ಸಲ ಐದಾರು ಸಾಲು ಸ್ವಂತವಾಗಿ ಬರೆಯಲಿ. ಅದರಲ್ಲಿ ಒಂದೇ ಬಗೆಯ ತಪ್ಪನ್ನು ತಿದ್ದಿ; ಹಾಳೆಯೆಲ್ಲ ಕೆಂಪಾದರೆ ಮುಂದಿನ ಸಲ ಮಗು ಎರಡೇ ಸಾಲು ಬರೆದು ಎದ್ದುಬಿಡುತ್ತದೆ. ಪರೀಕ್ಷೆಯಲ್ಲಿ ವಿಭಕ್ತಿ, ಸಂಧಿ ಕೇಳುತ್ತಾರಲ್ಲ ಎಂದು ನೀವು ಕೇಳಬಹುದು. ಅದೂ ಬೇಕು. ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ ಎಂಬ ರೂಪಗಳನ್ನು ಅಂದಿನ ಪಾಠದಲ್ಲೇ ಹುಡುಕಿದ ಮಗುವಿಗೆ ಪ್ರತ್ಯಯಗಳ ಪಟ್ಟಿ ಬಾಯಿಪಾಠ ಮಾಡುವುದೂ ಹಗುರ.

ಲೆಕ್ಕದಲ್ಲಿ ಉತ್ತರಕ್ಕಿಂತ ಮೊದಲು ದಾರಿ ಕೇಳಿ. 52ರಿಂದ 37 ಕಳೆದು 25 ಎಂದು ಬರೆದ ಮಗು ಅಜಾಗರೂಕತೆಯಿಂದ ಬರೆದಿಲ್ಲ. ಎರಡರಿಂದ ಏಳು ಕಳೆಯಲಾಗದೆ ಏಳರಿಂದಲೇ ಎರಡನ್ನು ಕಳೆದಿದೆ. ಇನ್ನೂ ಹತ್ತು ಲೆಕ್ಕ ಕೊಟ್ಟರೆ ಆ ತಪ್ಪು ನಿಯಮವೇ ಹತ್ತು ಸಲ ಗಟ್ಟಿಯಾಗುತ್ತದೆ. ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಕೈಗಿಟ್ಟು 37 ರೂಪಾಯಿ ಕೊಡಲು ಹೇಳಿ. ಒಂದು ನೋಟಿಗೆ ಚಿಲ್ಲರೆ ಮಾಡಿಸದೆ ಕೊಡಲಾಗದೆಂದು ತಾನೇ ಕಂಡುಕೊಳ್ಳುತ್ತದೆ.

ದಾರಿ ಸರಿಯಾದ ಮೇಲೆ ಲೆಕ್ಕಗಳನ್ನು ಬೆರೆಸಿ. ಭಾಗಾಕಾರದ ಅಧ್ಯಾಯದಲ್ಲಿರುವ ಮಗು ಪ್ರಶ್ನೆ ಓದದೆಯೇ ಭಾಗಿಸುತ್ತದೆ. 24 ಬಾಳೆಹಣ್ಣನ್ನು 6 ಜನರಿಗೆ ಹಂಚುವುದು, 24ರಲ್ಲಿ 6 ತಿಂದರೆ ಉಳಿಯುವುದು, ಬುಟ್ಟಿಗೆ 24ರಂತೆ 6 ಬುಟ್ಟಿಯ ಲೆಕ್ಕ, ಮೂರನ್ನೂ ಒಟ್ಟಿಗೆ ಕೊಟ್ಟರೆ ಓದಲೇಬೇಕು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದ ವಿದ್ಯಾರ್ಥಿಗಳು ಅಭ್ಯಾಸದ ವೇಳೆ ಶೇ 89, ಬೆರೆಸಿ ಮಾಡಿದವರು ಶೇ 60 ಸರಿ ಮಾಡಿದ್ದರು. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರದು ಶೇ 20, ಬೆರೆಸಿದವರದು ಶೇ 63. ಶುರುವಿನಲ್ಲಿ ತಪ್ಪು ಹೆಚ್ಚಾದರೆ ಗಾಬರಿಯಾಗಬೇಡಿ. ಮಗ್ಗಿ ಬಾಯಿಪಾಠ ಖಂಡಿತ ಬೇಕು, ಆದರೆ ಏಳೊಂದ್ಲಿಯಿಂದ ಸಾಲಾಗಿ ಹೇಳಿಸುವುದರ ಜತೆಗೆ ಏಳೆಂಟ್ಲಿ, ಆರೊಂಬತ್ಲಿ ಎಂದು ನಡುನಡುವೆ ಕೇಳಿ.

'ನಾವೇ ಅಷ್ಟು ಓದಿಲ್ಲ, ಹೇಗೆ ಹೇಳಿಕೊಡುವುದು' ಎನ್ನುವ ತಂದೆತಾಯಿಯರ ಅಳುಕು ಸಹಜ. ಪಠ್ಯದಲ್ಲಿ ಬಿಡಿಸಿ ತೋರಿಸಿರುವ ಲೆಕ್ಕವನ್ನೇ ಮುಚ್ಚಿ ಮಗುವಿಂದ ಮಾಡಿಸಿ, ಆಮೇಲೆ ತೆರೆದು ಹೋಲಿಸಿದರಾಯಿತು. ಹೇಗೆ ಮಾಡಿದೆ ಎಂದು ಕೇಳಿಸಿಕೊಳ್ಳಲು ಓದು ಬೇಕಿಲ್ಲ, ದಿನಕ್ಕೆ ಇಪ್ಪತ್ತು ನಿಮಿಷ ಬೇಕು. ತಿಂಗಳುಗಟ್ಟಲೆ ಹೀಗೆ ಮಾಡಿಸಿದರೂ ಮಗು ಪರಿಚಿತ ಅಕ್ಷರಗಳನ್ನೇ ಗುರುತಿಸಲು ತಿಣುಕುತ್ತಿದ್ದರೆ ಅಭ್ಯಾಸ ಹೆಚ್ಚಿಸಬೇಡಿ. ಶಿಕ್ಷಕರೊಂದಿಗೆ ಮಾತಾಡಿ, ದೃಷ್ಟಿ ಪರೀಕ್ಷೆ ಮಾಡಿಸಿ, ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರಿಗೆ ತೋರಿಸಿ.